ನೋವು ಹೋಯಿತು, ಮೈ ಇನ್ನೂ ಹಸಿ

(ಡಾಕ್‌ಲ್ಯಾಂಡ್ಸ್‌ನಲ್ಲಿ ನಡೆದ ನಮ್ಮ ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಸಿಡ್ನಿಯಿಂದ ಅತಿಥಿಗಳು ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕಾಲು ಚಾಚಿ ಇಬ್ಬರು ಆಟಗಾರರೂ ಕೂತಿದ್ದಾರೆ.

ಊಟಕ್ಕೆ ಮುಂಚಿನ ಮಾತು ಚಿಕ್ಕದಾಗಿರಬೇಕು ಅಂತ ಕಾರ್ಯದರ್ಶಿಗಳು ಎರಡು ಸಲ ಹೇಳಿದ್ದಾರೆ. ಒಳಗಿನಿಂದ ಬಿಸಿಬೇಳೆಬಾತಿನ ಘಮ ಬರ್ತಾ ಇದೆ, ಹಾಗಾಗಿ ನನಗೂ ಅವಸರವೇ. ಆದರೆ ಇವತ್ತಿನ ವಿಷಯವೇ ಅವಸರ ಮಾಡಬಾರದು ಅನ್ನೋದು!

ನಾನು ಫಿಸಿಯೋಥೆರಪಿಸ್ಟ್. ಪೆಟ್ಟಾದವರು ನನ್ನ ಮುಂದೆ ಕೂತಾಗ ‘ಏನಾಗಿದೆ?’ ಅಂತ ಕೇಳೋದು ಕಡಿಮೆ. ‘ಯಾವಾಗ ಆಡಬಹುದು?’ ಅಂತಲೇ ಕೇಳೋದು. ಎರಡು ವಾರ ಕಳೆದ ಮೇಲೆ ಪ್ರಶ್ನೆಯೂ ಇರಲ್ಲ, ‘ನೋವೇ ಇಲ್ಲ ಸರ್, ಶನಿವಾರ ಆಡ್ತೀನಿ’ ಅನ್ನುವ ಘೋಷಣೆ ಬರುತ್ತೆ. ಆ ಎರಡು ಮಾತಿನ ನಡುವೆ ಏನು ನಡೆಯುತ್ತೆ, ಏನು ನಡೆದಿರೋದಿಲ್ಲ, ಅಷ್ಟನ್ನೇ ಇವತ್ತು ಹೇಳ್ತೀನಿ.

ನಮ್ಮ ಮನೆಗಳಲ್ಲಿ ಒಂದು ಮಾತಿದೆ, ‘ಹಸಿ ಮೈ’. ಬಾಣಂತಿಯ ಬಗ್ಗೆ ಹೇಳುವ ಮಾತು. ಹೆರಿಗೆಯಾಗಿ ಹದಿನೈದು ದಿನಕ್ಕೆ ಆಕೆ ಓಡಾಡುತ್ತಾಳೆ, ನಗುತ್ತಾಳೆ, ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತೆ. ಆದರೂ ಅಜ್ಜಿ ಬಿಡೋದಿಲ್ಲ. ‘ಭಾರ ಎತ್ತಬೇಡ, ಮೈ ಇನ್ನೂ ಹಸಿ ಇದೆ’ ಅಂತಾಳೆ. ಅಜ್ಜಿ ನೋವನ್ನು ಅಳೆಯುತ್ತಿರಲಿಲ್ಲ, ನೋಡಿ. ಮೇಲೆ ಒಣಗಿದ್ದು ಒಳಗೂ ಒಣಗಿದೆ ಅಂತ ನಂಬುತ್ತಿರಲಿಲ್ಲ. ಬಾಣಂತನದ ಎಲ್ಲ ಕಟ್ಟುಪಾಡನ್ನೂ ನಾನು ಒಪ್ಪುತ್ತೇನೆ ಅಂತಲ್ಲ. ಆದರೆ ಈ ಒಂದು ತಿಳಿವಳಿಕೆಗೆ ನಾನು ಕೈಮುಗಿಯುತ್ತೇನೆ.

ಮನೆ ಕಟ್ಟಿಸಿದವರಿಗೆ ಇನ್ನೊಂದು ಉದಾಹರಣೆ ಸಾಕು. ಮೋಲ್ಡ್ ಹಾಕಿದ ಮಾರನೇ ದಿನವೇ ಅದರ ಮೇಲೆ ನಡೆಯಬಹುದು. ಗಟ್ಟಿಯಾಗಿದೆ ಅನ್ನಿಸುತ್ತೆ. ಹಾಗಂತ ಸೆಂಟ್ರಿಂಗ್ ಬಿಚ್ಚುತ್ತೀರಾ? ಮೇಸ್ತ್ರಿ ಬಿಡೋದಿಲ್ಲ. ದಿನಾ ನೀರು ಕಟ್ಟಿ, ವಾರಗಟ್ಟಲೆ ಕಾದು, ಆಮೇಲೇ ಬಿಚ್ಚುತ್ತಾರೆ. ತಾರಸಿಗೆ ಕೊಡುವ ಸಮಯವನ್ನು ನಾವು ನಮ್ಮ ಮೀನಖಂಡಕ್ಕೆ ಕೊಡಲ್ಲ.

ಒಳಗೆ ಏನಾಗುತ್ತೆ ಅಂತ ನೋಡೋಣ. ಸ್ನಾಯು ಹರಿದರೆ ಅಥವಾ ಲಿಗಮೆಂಟ್ ಉಳುಕಿದರೆ ಮೊದಲ ಕೆಲವು ದಿನ ಬಾವು, ಬಿಸಿ, ನೋವು ಇರುತ್ತೆ. ಅದು ದೇಹ ಕೆಲಸಗಾರರನ್ನು ಕರೆಸಿಕೊಳ್ಳುವ ಹಂತ. ಆಮೇಲೆ ಕೆಲವು ವಾರ ಹರಿದ ಜಾಗದಲ್ಲಿ ಹೊಸ ಎಳೆಗಳು ಹುಟ್ಟುತ್ತವೆ. ಆದರೆ ಅವು ಅಡ್ಡಾದಿಡ್ಡಿಯಾಗಿ, ಹುಲ್ಲಿನ ಮೆದೆಯ ಹಾಗೆ ಬಿದ್ದಿರುತ್ತವೆ. ಮೂರನೇ ಹಂತದಲ್ಲಿ ಆ ಎಳೆಗಳು ಎಳೆತದ ದಿಕ್ಕಿಗೆ ಸಾಲಾಗಿ ಜೋಡಿಸಿಕೊಂಡು, ಹಗ್ಗ ಹೊಸೆದ ಹಾಗೆ ಬಿಗಿಯಾಗುತ್ತವೆ. ಇದು ತಿಂಗಳುಗಟ್ಟಲೆಯ ಕೆಲಸ. ಲಿಗಮೆಂಟ್ ಮತ್ತು ಸ್ನಾಯುರಜ್ಜುಗಳಲ್ಲಿ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತೆ.

ತೊಂದರೆ ಎಲ್ಲಿ ಅಂದರೆ, ನೋವು ಸಾಮಾನ್ಯವಾಗಿ ಎರಡನೇ ಹಂತದಲ್ಲೇ ಹೋಗಿಬಿಡುತ್ತೆ. ಹುಲ್ಲಿನ ಮೆದೆ ಇನ್ನೂ ಹಗ್ಗ ಆಗಿರೋದಿಲ್ಲ, ನಮಗೆ ಮಾತ್ರ ಎಲ್ಲ ಸರಿಹೋಯಿತು ಅನ್ನಿಸುತ್ತೆ. ಮಳೆ ನಿಂತರೂ ಮರದ ಹನಿ ನಿಲ್ಲೋದಿಲ್ಲ ಅಂತಾರಲ್ಲ, ಹಾಗೆ.

ಇದಕ್ಕೆ ದೊಡ್ಡ ಉದಾಹರಣೆ ಮೊಣಕಾಲಿನ ಎಸಿಎಲ್ ಶಸ್ತ್ರಚಿಕಿತ್ಸೆ. ಹರಿದ ಲಿಗಮೆಂಟಿನ ಜಾಗಕ್ಕೆ ನಮ್ಮದೇ ತೊಡೆಯ ಹಿಂಭಾಗದ ಅಥವಾ ಮೊಣಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ತುಂಡು ತೆಗೆದು ಕಸಿ ಮಾಡುತ್ತಾರೆ. ಆ ತುಂಡಿಗೆ ಮೊದಲು ರಕ್ತದ ಪೂರೈಕೆಯೇ ಇರೋದಿಲ್ಲ. ಅದು ಒಳಗೊಳಗೆ ಸತ್ತು ಮತ್ತೆ ಬದುಕಬೇಕು. ಹೀಗಾಗಿ ಶಸ್ತ್ರಚಿಕಿತ್ಸೆಯ ದಿನ ಇದ್ದದ್ದಕ್ಕಿಂತ ಎರಡು ಮೂರು ತಿಂಗಳ ಹೊತ್ತಿಗೆ ಅದು ಇನ್ನೂ ದುರ್ಬಲ. ಅದೇ ಹೊತ್ತಿಗೆ ಬಾವು ಇಳಿದು, ಕುಂಟು ಹೋಗಿ, ಮೆಟ್ಟಿಲು ಸಲೀಸಾಗಿ ಹತ್ತುತ್ತಿರುತ್ತೀರಿ. ಕಾಲು ಗಟ್ಟಿ ಅನ್ನಿಸುವ ಹೊತ್ತು, ಕಸಿ ತೀರಾ ಸೊರಗಿರುವ ಹೊತ್ತು, ಎರಡೂ ಒಂದೇ!

2016ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನವನ್ನು ನಮ್ಮ ವೃತ್ತಿಯವರು ಇವತ್ತಿಗೂ ನೆನೆಯುತ್ತಾರೆ. ಎಸಿಎಲ್ ಶಸ್ತ್ರಚಿಕಿತ್ಸೆ ಆದವರು ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದ ಹಾಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಲೆಕ್ಕ ಹಾಕಿದರೆ 51%. ಒಂದು ತಿಂಗಳು ಸುಮ್ಮನೆ ಕಾದದ್ದಕ್ಕೆ ಇಷ್ಟು ಬಡ್ಡಿ ಯಾವ ಬ್ಯಾಂಕೂ ಕೊಡಲ್ಲ. ಇಲ್ಲಿ ಬೌರ್ಕ್ ಸ್ಟ್ರೀಟು, ಕಾಲಿನ್ಸ್ ಸ್ಟ್ರೀಟಿನ ಬ್ಯಾಂಕುಗಳಲ್ಲಿ ಕೆಲಸ ಮಾಡುವವರು ತುಂಬ ಜನ ಕೂತಿದ್ದೀರಿ, ನೀವೇ ಹೇಳಿ.

ಈಗ ನಮ್ಮವರ ಕಥೆಗೆ ಬರ್ತೀನಿ. ಈ ಮಾತೆತ್ತಿದರೆ ಯಾರಾದರೂ ಒಬ್ಬರು ಎದ್ದು ಹೇಳೇ ಹೇಳುತ್ತಾರೆ, ‘ಕುಂಬ್ಳೆ ಆಡಲಿಲ್ಲವಾ?’ ನಿಜ. 2002ರ ಮೇ ತಿಂಗಳು, ಆಂಟಿಗಾ. ಮರ್ವಿನ್ ಡಿಲ್ಲನ್ ಹಾಕಿದ ಚೆಂಡು ಬಡಿದು ದವಡೆ ಮುರಿದಿತ್ತು. ಮುಖದ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಅನಿಲ್ ಕುಂಬ್ಳೆ 14 ಓವರ್ ಬೌಲ್ ಮಾಡಿದರು, ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಆ ಚಿತ್ರ ನಮ್ಮ ಪೀಳಿಗೆಯವರ ಎದೆಯಲ್ಲಿ ಅಚ್ಚಾಗಿದೆ. ಅದರ ದೊಡ್ಡತನವನ್ನು ನಾನು ಒಂದಿಷ್ಟೂ ಕಡಿಮೆ ಮಾಡೋದಿಲ್ಲ.

ಆದರೆ ಆ ಚಿತ್ರದ ಮುಂದಿನ ಭಾಗ ನಮಗೆ ನೆನಪಿರಲ್ಲ. ಅಷ್ಟು ಬೌಲ್ ಮಾಡಿದ ಮೇಲೆ ಅವರು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ವಿಮಾನ ಹತ್ತಿದರು. ಆ ಪ್ರವಾಸದ ಉಳಿದ ಪಂದ್ಯ ಆಡಲಿಲ್ಲ.

ಹಿಂದಿನ ಭಾಗವಂತೂ ಇನ್ನೂ ಕಡಿಮೆ ಜನಕ್ಕೆ ನೆನಪಿದೆ. 2001ರಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಿತ್ತು. ಕೋಲ್ಕತ್ತಾದಲ್ಲಿ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಆ ಸರಣಿ. ಅದರಲ್ಲಿ ಕುಂಬ್ಳೆ ಎಲ್ಲಿದ್ದರು? ಇರಲಿಲ್ಲ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಹೊರಗೆ ಕೂತಿದ್ದರು. ಭಾರತದ ನೆಲದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸರಣಿ, ಸ್ಪಿನ್ ಬೌಲರಿಗೆ ಅದಕ್ಕಿಂತ ದೊಡ್ಡ ಆಸೆ ಏನಿರುತ್ತೆ? ಇಡೀ ಸರಣಿ ಬಿಟ್ಟು, ಭುಜವನ್ನು ಸರಿಮಾಡಿಕೊಂಡು, ಆ ವರ್ಷದ ಕೊನೆಯ ಭಾಗಕ್ಕೆ ಮರಳಿದರು.

ಫಲ ಏನು? ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಭುಜ ರಿಪೇರಿಯಾದ ಮೇಲೆ. 2004ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನ ಒಂದೇ ಇನ್ನಿಂಗ್ಸ್‌ನಲ್ಲಿ ಎಂಟು ವಿಕೆಟ್ ತೆಗೆದರಲ್ಲ, ಸಿಡ್ನಿಯವರಿಗೆ ಗೊತ್ತಿರುತ್ತೆ, ಅದೂ ಅದೇ ಭುಜದಿಂದ. ಬ್ಯಾಂಡೇಜ್ ಕಟ್ಟಿದ ಕುಂಬ್ಳೆ ಫೋಟೋದಲ್ಲಿ ಉಳಿದರು. ಕಾದು ಕೂತ ಕುಂಬ್ಳೆಯ ಫೋಟೋ ಯಾರೂ ತೆಗೆಯಲಿಲ್ಲ. ನಾವು ಅನುಸರಿಸಬೇಕಾದ್ದು ಆ ಎರಡನೆಯವರನ್ನು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2022ರ ಅಕ್ಟೋಬರ್ 23, ಎಂಸಿಜಿಯಲ್ಲಿ ಭಾರತ–ಪಾಕಿಸ್ತಾನ. ಇಲ್ಲಿರುವ ಅರ್ಧ ಜನ ಅವತ್ತು ಅಲ್ಲೇ ಇದ್ದಿರಿ, ತೊಂಬತ್ತು ಸಾವಿರ ಜನರ ನಡುವೆ ಗಂಟಲು ಹರಿದುಕೊಂಡಿರಿ. ಅವತ್ತು ಬುಮ್ರಾ ಇರಲಿಲ್ಲ. ಬೆನ್ನಿನ ತೊಂದರೆಯಿಂದ ಅವರು ಏಷ್ಯಾ ಕಪ್ ತಪ್ಪಿಸಿಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ಟಿ20 ಆಡಿದರು. ಮೂರೇ ದಿನದಲ್ಲಿ ಮತ್ತೆ ಬೆನ್ನು ಹಿಡಿಯಿತು, ವಿಶ್ವಕಪ್ಪೇ ಕೈತಪ್ಪಿತು. 2023ರ ಮಾರ್ಚಿನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆ, ಮತ್ತೆ ಆಡಿದ್ದು ಆಗಸ್ಟಿನಲ್ಲಿ. ಎರಡು ಪಂದ್ಯದ ನಂತರ ಸುಮಾರು ಹನ್ನೊಂದು ತಿಂಗಳು ಹೊರಗೆ. ಸುತ್ತ ಡಾಕ್ಟರು, ಸ್ಕ್ಯಾನು, ತರಬೇತುದಾರರು ಎಲ್ಲ ಇರುವವರ ಬೆನ್ನೇ ಹೀಗೆ ಮಾಡುತ್ತೆ ಅಂದರೆ, ಟಾರ್ನೀಟ್‌ನ ಮೈದಾನದಲ್ಲಿ ಕಾರಿನ ಡಿಕ್ಕಿಯಿಂದ ಕಿಟ್ ಇಳಿಸಿ ನೇರವಾಗಿ ಬೌಲ್ ಮಾಡುವ ನಮ್ಮ ಬೆನ್ನಿನ ಗತಿ ಏನು?

ನಮ್ಮ ಕೆ.ಎಲ್. ರಾಹುಲ್ ಅವರದ್ದೂ ಒಂದು ಮಾತು ಹೇಳ್ತೀನಿ. 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆ ಆಯಿತು, ವಿಶ್ವ ಟೆಸ್ಟ್ ಫೈನಲ್ ತಪ್ಪಿತು. ನಾಲ್ಕು ತಿಂಗಳ ಮೇಲೆ ಕಾದು, ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದು ಮರಳಿದರು. ಮುಂದೆ 2024ರ ಜನವರಿಯಲ್ಲಿ ಹೈದರಾಬಾದ್ ಟೆಸ್ಟಿನ ನಂತರ ಮತ್ತೆ ತೊಡೆಯ ಸ್ನಾಯುವಿನಲ್ಲಿ ನೋವು. ರಾಜ್‌ಕೋಟ್ ಟೆಸ್ಟಿಗೆ ಮುಂಚೆ ಮಂಡಳಿ ಹೇಳಿದ್ದು, ಅವರು 90% ಫಿಟ್ ಆಗಿದ್ದಾರೆ ಅಂತ. 90% ಆಗಿದ್ದರೂ ಆಡಿಸಲಿಲ್ಲ. ನಮ್ಮ ಟೀಮುಗಳಲ್ಲಿ 60% ಇದ್ದವನಿಗೆ ಹೊಸ ಚೆಂಡು ಕೊಡ್ತೀವಿ.

ಹಾಗಾದರೆ ನಾವು ಯಾಕೆ ಅವಸರ ಮಾಡ್ತೀವಿ? ಬುದ್ಧಿ ಇಲ್ಲದೇನಲ್ಲ. ಕಾರಣಗಳಿವೆ, ಅವನ್ನು ಗೌರವದಿಂದಲೇ ನೋಡಬೇಕು. ಇಲ್ಲಿ ಬೇಸಿಗೆ ಕ್ರಿಕೆಟ್ ಇರೋದೇ ಅಕ್ಟೋಬರಿನಿಂದ ಮಾರ್ಚಿನವರೆಗೆ. ಎರಡು ತಿಂಗಳು ಕೂತರೆ ಸೀಸನ್ ಮುಗೀತು. ಫೀಸು ಕಟ್ಟಿಯಾಗಿದೆ. ಶುಕ್ರವಾರ ರಾತ್ರಿ ವಾಟ್ಸಾಪಿನಲ್ಲಿ ‘ಇನ್ನೂ ಇಬ್ಬರು ಬೇಕು’ ಅಂತ ಬರುತ್ತೆ. ಓಡುವವರಿಗಾದರೆ ಸಿಡ್ನಿಯ ಸಿಟಿ ಟು ಸರ್ಫ್, ಮೆಲ್ಬರ್ನ್ ಮ್ಯಾರಥಾನ್, ತಾರೀಕು ಮೊದಲೇ ಗೊತ್ತಾಗಿರುತ್ತೆ, ನಮ್ಮ ಕಾಲಿಗೋಸ್ಕರ ಅದು ಮುಂದೆ ಹೋಗಲ್ಲ.

ಇವೆಲ್ಲದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ವಾರವಿಡೀ ಇಂಗ್ಲಿಷಿನಲ್ಲಿ ಮೀಟಿಂಗು, ಗೋಡೌನಿನಲ್ಲಿ ರಾತ್ರಿ ಪಾಳಿ, ವೃದ್ಧಾಶ್ರಮದಲ್ಲಿ ಎತ್ತಿ ಇಳಿಸುವ ಕೆಲಸ. ಶನಿವಾರ ಮಧ್ಯಾಹ್ನ ಮಾತ್ರ ‘ಲೋ, ಕ್ಯಾಚ್ ಬಿಟ್ಯಲ್ಲೋ!’ ಅಂತ ಬೈಸಿಕೊಳ್ಳುವ ಭಾಗ್ಯ. ಆಟ ಬಿಟ್ಟರೆ ಅದೂ ಹೋಗುತ್ತೆ. ಪೆಟ್ಟಾದವನು ಮನೆಯಲ್ಲಿ ಒಬ್ಬನೇ ಕೂತಿರುವಾಗ ಬೇಕೆನಿಸೋದು ಕ್ರಿಕೆಟ್ಟಲ್ಲ, ಜನ. ಇದು ನನಗೆ ಅರ್ಥವಾಗುತ್ತೆ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆದು ನೋಡಿ. ಮೀನಖಂಡದ ಸ್ನಾಯು ಸಣ್ಣದಾಗಿ ಹರಿದವರು ಮೂರನೇ ವಾರಕ್ಕೆ ನೋವಿಲ್ಲ ಅಂತ ಆಡಿ, ಒಂದು ಜೋರು ರನ್ನಿಗೆ ಅದೇ ಜಾಗವನ್ನು ಮೊದಲಿಗಿಂತ ದೊಡ್ಡದಾಗಿ ಹರಿದುಕೊಂಡು ಬರೋದನ್ನು ಪ್ರತಿ ಸೀಸನ್ನಿನಲ್ಲೂ ನೋಡ್ತೀನಿ. ಕಂಪ್ಯೂಟರ್ ಮುಂದೆ ಕೂರುವವರಾದರೆ ಹೇಗೋ ನಡೆಯುತ್ತೆ, ಮನೆಯಿಂದಲೇ ಲಾಗಿನ್ ಆಗಬಹುದು. ನಿಂತು ದುಡಿಯುವವರು? ಇಲ್ಲಿ ಕಾಯಂ ಪೂರ್ಣಾವಧಿ ನೌಕರರಿಗೆ ವರ್ಷಕ್ಕೆ 10 ದಿನ ಸಂಬಳದ ಅನಾರೋಗ್ಯ ರಜೆ ಇದೆ. ಕ್ಯಾಶುವಲ್ ಕೆಲಸದವರಿಗೆ ಅದೂ ಇಲ್ಲ. ಪಾಳಿಗೆ ಹೋಗದಿದ್ದರೆ ದುಡ್ಡಿಲ್ಲ. ಕೆಲಸದ ಜಾಗದಲ್ಲಿ ಪೆಟ್ಟಾದರೆ ವರ್ಕ್‌ಕವರ್ ಇದೆ, ವೀಸಾ ಯಾವುದಾದರೂ ಅದು ನಿಮ್ಮ ಹಕ್ಕು, ಮುಚ್ಚಿಡಬೇಡಿ. ಆದರೆ ಶನಿವಾರದ ಮ್ಯಾಚಿನಲ್ಲಿ ಆದ ಪೆಟ್ಟಿಗೆ ಅದು ಬರಲ್ಲ. ನಾವು ಈ ದೇಶಕ್ಕೆ ತಂದ ಬಂಡವಾಳ ಎರಡೇ, ಓದು ಮತ್ತು ಮೈ. ಓದು ಮರೆತರೆ ಮತ್ತೆ ಓದಬಹುದು.

ಇಲ್ಲಿ ನೋವಿನ ಮಾತ್ರೆಯ ಬಗ್ಗೆ ಒಂದು ಮಾತು. ಊರಿಂದ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ಕಾಂಬಿಫ್ಲಾಮ್ ಪಟ್ಟಿ, ಮೂವ್, ವೊಲಿನಿ ಇಲ್ಲದ ಕನ್ನಡಿಗನನ್ನು ನಾನು ಕಂಡಿಲ್ಲ. ಇರಲಿ, ಬೇಕಾದಾಗ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ ತಗೊಳ್ಳಿ. ಆದರೆ ಆಡೋಕೆ ಮುಂಚೆ ಎರಡು ಮಾತ್ರೆ ನುಂಗಿ ಇಳಿಯುವ ಪದ್ಧತಿ ಇದೆಯಲ್ಲ, ಅದು ಬೇಡ. ನೋವು ಮನೆ ಕಾಯುವ ನಾಯಿ ಇದ್ದ ಹಾಗೆ. ನಾಯಿಗೆ ನಿದ್ದೆ ಬರಿಸಿದರೆ ಕಳ್ಳ ಬರೋದು ನಿಲ್ಲಲ್ಲ, ನಮಗೆ ಗೊತ್ತಾಗೋದು ನಿಲ್ಲುತ್ತೆ.

ಇನ್ನು ಉಲ್ಟಾ ತಪ್ಪು. ಕಾಲು ಉಳುಕಿದೆ ಅಂತ ವಿಡಿಯೋ ಕಾಲಿನಲ್ಲಿ ಹೇಳಿದ ತಕ್ಷಣ ಊರಿಂದ ಅಮ್ಮ, ‘ಆರು ತಿಂಗಳು ಕದಲಬೇಡ ಕಣೋ’ ಅಂತಾರೆ. ಅದೂ ಸರಿಯಲ್ಲ. ಆ ಅಡ್ಡಾದಿಡ್ಡಿ ಎಳೆಗಳು ಸಾಲಾಗಬೇಕಾದರೆ ಅವಕ್ಕೆ ಹದವಾದ ಎಳೆತ ಬೇಕು. ಪೂರ್ತಿ ಮಲಗಿದರೆ ಸ್ನಾಯು ಸೊರಗುತ್ತೆ, ಕೀಲು ಬಿಗಿಯುತ್ತೆ, ಆಮೇಲೆ ಎದ್ದು ಓಡಿದ ದಿನವೇ ಹರಿಯುತ್ತೆ. ಕಾಯೋದು ಅಂದರೆ ಸುಮ್ಮನೆ ಕೂರೋದಲ್ಲ. ಹಂತ ಹಂತವಾಗಿ ಭಾರ ಹಾಕುತ್ತಾ ಕಾಯೋದು.

ಆ ಹಂತಗಳು ಯಾವುವು? ಪ್ರತಿಯೊಬ್ಬರ ಪೆಟ್ಟೂ ಬೇರೆ, ಹಾಗಾಗಿ ನಿಮ್ಮನ್ನು ನೋಡುವವರು ಹೇಳಿದ್ದೇ ಕೊನೆ ಮಾತು. ಆದರೆ ಸಾಮಾನ್ಯ ದಾರಿ ಹೀಗೆ. ಮೊದಲು ಕುಂಟದೆ ನಡೆಯಬೇಕು. ಆಮೇಲೆ ಬಲ. ಮೀನಖಂಡವಾದರೆ ಪೆಟ್ಟಾದ ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಒಳ್ಳೆಯ ಕಾಲು ಎಷ್ಟು ಸಲ ಮಾಡುತ್ತೋ ಹತ್ತಿರ ಹತ್ತಿರ ಅಷ್ಟೇ ಸಲ ಇದೂ ಮಾಡಬೇಕು. ಆಮೇಲೆ ಕುಪ್ಪಳಿಸೋದು. ಆಮೇಲೆ ನೇರ ದಾರಿಯಲ್ಲಿ ನಿಧಾನವಾದ ಓಟ, ಈ ಹಾರ್ಬರ್ ಎಸ್‌ಪ್ಲನೇಡ್ ಅದಕ್ಕೆ ಹೇಳಿ ಮಾಡಿಸಿದಂತಿದೆ, ಏರಿಲ್ಲ ಇಳಿಜಾರಿಲ್ಲ. ಆಮೇಲೆ ವೇಗ. ಆಮೇಲೆ ತಟ್ಟನೆ ನಿಲ್ಲೋದು, ತಿರುಗೋದು. ಆಮೇಲೆ ನೆಟ್ಸ್. ಕೊನೆಗೆ ಮ್ಯಾಚು, ಅದರಲ್ಲೂ ಮೊದಲು ನಾಲ್ಕು ಓವರ್, ಹತ್ತಲ್ಲ.

ಒಂದು ಹಂತ ಮುಗಿಸಿ ಮುಂದಿನದಕ್ಕೆ ಹೋಗಬಹುದೋ ಇಲ್ಲವೋ ಅಂತ ತಿಳಿಯೋದು ಹೇಗೆ? ಆಡುವಾಗ ನೋವಾಯಿತಾ ಅಂತ ಮಾತ್ರ ನೋಡಬೇಡಿ, ಮೈ ಬಿಸಿಯಾದಾಗ ಗೊತ್ತಾಗಲ್ಲ. ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ ನೋಡಿ. ನಿನ್ನೆಗಿಂತ ಬಿಗಿತ, ಬಾವು ಹೆಚ್ಚಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು ಅಂತ ಅರ್ಥ, ಒಂದು ಮೆಟ್ಟಿಲು ಕೆಳಗಿಳಿಯಿರಿ.

ಎಸಿಎಲ್ ಆದವರಿಗೆ ಕನಿಷ್ಠ ಒಂಬತ್ತು ತಿಂಗಳು, ಜೊತೆಗೆ ತೊಡೆಯ ಬಲ ಮತ್ತು ಕುಪ್ಪಳಿಸುವ ಪರೀಕ್ಷೆಯಲ್ಲಿ ಇನ್ನೊಂದು ಕಾಲಿನ 90%ಕ್ಕಿಂತ ಹೆಚ್ಚು ಬರಬೇಕು. ತಿಂಗಳು ಮುಗಿದು ಬಲ ಬರದಿದ್ದರೂ ಆಡುವಂತಿಲ್ಲ, ಬಲ ಬಂದು ತಿಂಗಳು ಮುಗಿಯದಿದ್ದರೂ ಆಡುವಂತಿಲ್ಲ. ಮನಸ್ಸೂ ಸಿದ್ಧವಾಗಿರಬೇಕು. ನಮ್ಮ ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯದ ಕೇಟ್ ವೆಬ್‌ಸ್ಟರ್ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೆಂದೇ 12 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು, ಈಗ ಲೋಕದ ಎಲ್ಲ ಕಡೆ ಬಳಸುತ್ತಾರೆ. ಭಯ ಇಟ್ಟುಕೊಂಡು ಅರೆಮನಸ್ಸಿನಿಂದ ಓಡುವವರಿಗೂ ಪೆಟ್ಟಾಗುತ್ತೆ.

ತಾಯಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ಇಲ್ಲಿ ಹೆರಿಗೆಯಾದವರಿಗೆ ಆರೈಕೆ ಮಾಡೋಕೆ ಅಮ್ಮನಿಗೆ ವೀಸಾ ಸಿಕ್ಕಿರಲ್ಲ, ಅಥವಾ ಬಂದು ಬೇಗ ವಾಪಸ್ ಹೋಗಿರುತ್ತಾರೆ. ಆರು ವಾರದ ತಪಾಸಣೆಯಲ್ಲಿ ಡಾಕ್ಟರ್ ‘ಎಲ್ಲ ಚೆನ್ನಾಗಿದೆ’ ಅಂದ ಕೂಡಲೇ ಜಿಮ್ಮಿಗೆ ಹೋಗಿ ಹಾರೋದು, ಓಡೋದು ಶುರು. ನಡಿಗೆ, ಹಗುರ ವ್ಯಾಯಾಮ ಬೇಗ ಶುರುಮಾಡಿದರೆ ಒಳ್ಳೆಯದೇ. ಆದರೆ ಓಟಕ್ಕೆ ಕನಿಷ್ಠ ಮೂರು ತಿಂಗಳು ಬಿಡಬೇಕು ಅಂತ ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಸಿಸೇರಿಯನ್ ಆದವರ ಹೊಲಿಗೆ ಮೇಲೆ ಮಾತ್ರ ಅಲ್ಲ, ಒಳಗೆ ಪದರ ಪದರವಾಗಿದೆ. ಓಡುವಾಗ ಮೂತ್ರ ಸೋರಿದರೆ, ಕೆಳಗೆ ಭಾರ ಎಳೆದಂತಾದರೆ ನಾಚಿಕೊಂಡು ಸುಮ್ಮನಿರಬೇಡಿ. ಅದಕ್ಕೆಂದೇ ತರಬೇತಾದ ಫಿಸಿಯೋಗಳಿದ್ದಾರೆ. ಅಜ್ಜಿ ‘ಹಸಿ ಮೈ’ ಅಂದದ್ದು ಇದನ್ನೇ.

ಮಕ್ಕಳ ವಿಷಯ. ಫೂಟಿಯಲ್ಲೋ ಕ್ರಿಕೆಟ್ಟಿನಲ್ಲೋ ತಲೆಗೆ ಪೆಟ್ಟಾಗಿ ಕನ್‌ಕಷನ್ ಆದರೆ ಸಂಜೆಗೆ ನಗುತ್ತಿದೆ ಅಂತ ಮುಂದಿನ ವಾರ ಕಳಿಸಬೇಡಿ. 2024ರಲ್ಲಿ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಹೇಳಿದ ಪ್ರಕಾರ, ಮಕ್ಕಳು ಮತ್ತು ಸಮುದಾಯ ಮಟ್ಟದ ಆಟಗಾರರು ಮೈಗೆ ಮೈ ತಾಗುವ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಳೆಯಬೇಕು. ಅಂಥ ಅಭ್ಯಾಸಕ್ಕೆ ಇಳಿಯುವ ಮುಂಚೆ 14 ದಿನ ಯಾವ ಲಕ್ಷಣವೂ ಇರಬಾರದು. ಹದಿಹರೆಯದ ವೇಗದ ಬೌಲರುಗಳಿಗೆ ಸೊಂಟದ ಮೇಲೆ ನೋವು ಬಂದರೆ ‘ಬೆಳೆಯುವ ವಯಸ್ಸು’ ಅಂತ ತಳ್ಳಿಹಾಕಬೇಡಿ. ಸಿಡ್ನಿಯ ಪ್ಯಾಟ್ ಕಮಿನ್ಸ್ 18ನೇ ವಯಸ್ಸಿಗೆ, 2011ರಲ್ಲಿ, ಮೊದಲ ಟೆಸ್ಟಿನಲ್ಲೇ ಏಳು ವಿಕೆಟ್ ತೆಗೆದರು. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚಿನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷ ಮೇಲೆ ಮೇಲೆ ಗಾಯ, ಬಹುಪಾಲು ಬೆನ್ನಿನ ಮೂಳೆಯ ಬಿರುಕು. ಬೆಂಗಳೂರು ಟೆಸ್ಟ್ ಮುಗಿದ ಮೇಲೆ ಸ್ಟಾರ್ಕ್ ಪಾದದ ಮೂಳೆಯ ಬಿರುಕಿನಿಂದ ಹೊರಬಿದ್ದದ್ದಕ್ಕೆ ಕರೆ ಬಂದದ್ದು. ಅಷ್ಟು ವರ್ಷ ಎಲ್ಲರೂ ತಾಳಿಕೊಂಡದ್ದಕ್ಕೇ ಅವರು ಮುಂದೆ ನಾಯಕರಾಗೋ ತನಕ ಉಳಿದರು.

ಜ್ವರ, ಫ್ಲೂ, ಕೋವಿಡ್ ಬಂದು ಹೋದವರೂ ಹುಷಾರು. ಜ್ವರ ಇರುವಾಗ ಬೆವರಿಳಿಸಿದರೆ ಹೋಗುತ್ತೆ ಅನ್ನೋದು ಸುಳ್ಳು. ಅಪರೂಪಕ್ಕೆ ವೈರಸ್ ಹೃದಯದ ಸ್ನಾಯುವನ್ನೂ ಹಿಡಿಯುತ್ತೆ. ವಾಸಿಯಾದ ಮೇಲೆ ವ್ಯಾಯಾಮ ಮಾಡುವಾಗ ಎದೆನೋವು, ಎದೆ ಬಡಿತದಲ್ಲಿ ಏರುಪೇರು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಖರ್ಚಿನ ಮಾತು. ಈ ದೇಶದಲ್ಲಿ ಫಿಸಿಯೋ ಹತ್ತಿರ ಹೋಗೋಕೆ ಡಾಕ್ಟರ ಚೀಟಿ ಬೇಡ, ನೇರ ಹೋಗಬಹುದು. ಮೆಡಿಕೇರ್ ಇರುವವರಿಗೆ, ತೊಂದರೆ ಆರು ತಿಂಗಳು ಅಥವಾ ಹೆಚ್ಚು ಕಾಲ ಇರುವಂಥದ್ದಾದರೆ, ಜಿಪಿ ಮಾಡಿಕೊಡುವ ಯೋಜನೆಯಡಿ ವರ್ಷಕ್ಕೆ ಐದು ಭೇಟಿಗೆ ಸಹಾಯಧನ ಸಿಗುತ್ತೆ. ಭಾರತದ ಜೊತೆ ಮೆಡಿಕೇರ್ ಒಪ್ಪಂದ ಇಲ್ಲ. ಹಾಗಾಗಿ ತಾತ್ಕಾಲಿಕ ವೀಸಾದವರು ನಿಮ್ಮ ಖಾಸಗಿ ವಿಮೆಯಲ್ಲಿ ಫಿಸಿಯೋ ಸೇರಿದೆಯೋ ಇಲ್ಲವೋ ಪೆಟ್ಟಾಗುವ ಮುಂಚೆಯೇ ಓದಿ ನೋಡಿ. ಕ್ಲಬ್ಬಿಗೆ ಫೀಸು ಕಟ್ಟುವಾಗ ಆಟಗಾರರ ವಿಮೆ ಇದೆಯಾ ಅಂತ ಒಂದು ಪ್ರಶ್ನೆ ಕೇಳಿ. ದುಡ್ಡಿನ ಕಷ್ಟ ಇದ್ದರೆ ನಿಮ್ಮ ಫಿಸಿಯೋಗೆ ಬಾಯಿಬಿಟ್ಟು ಹೇಳಿ, ಮನೆಯಲ್ಲೇ ಮಾಡುವ ವ್ಯಾಯಾಮ ಬರೆಸಿಕೊಂಡು, ತಿಂಗಳಿಗೊಮ್ಮೆ ಹೋಗಿ ತೋರಿಸಿದರೂ ಆಗುತ್ತೆ.

ವಯಸ್ಸಿನ ಮಾತನ್ನೂ ಹೇಳಿಬಿಡ್ತೀನಿ, ನಲವತ್ತು ದಾಟಿದವರು ಬೇಜಾರು ಮಾಡ್ಕೋಬೇಡಿ. 2025ರಲ್ಲಿ ರಾಹುಲ್ ದ್ರಾವಿಡ್, 52 ವರ್ಷ, ಬೆಂಗಳೂರಿನ ಕ್ಲಬ್ ಪಂದ್ಯದಲ್ಲಿ ಮಗನ ಜೊತೆ ಆಡೋಕೆ ಇಳಿದು ಕಾಲಿಗೆ ಪೆಟ್ಟು ಮಾಡಿಕೊಂಡರು. ಐಪಿಎಲ್ ತಂಡದ ಕೋಚ್ ಆಗಿ ಊರುಗೋಲು ಹಿಡಿದು, ಗಾಲಿಕುರ್ಚಿಯಲ್ಲಿ ಕೂತು ಕೆಲಸ ಮಾಡಿದರು. ಏಪ್ರಿಲ್ 28ರಂದು ಜೈಪುರದಲ್ಲಿ 14 ವರ್ಷದ ವೈಭವ್ ಸೂರ್ಯವಂಶಿ 35 ಚೆಂಡಿಗೆ ನೂರು ಹೊಡೆದಾಗ, ಕಾಲು ಮರೆತು ಕುರ್ಚಿಯಿಂದ ಎದ್ದೇಬಿಟ್ಟರು, ಬೀಳೋದರಲ್ಲಿ ಸಾವರಿಸಿಕೊಂಡರು. ‘ಗೋಡೆ’ ಅಂತ ಹೆಸರಾದವರಿಗೇ ಒಂದು ಕ್ಷಣ ತಡೆಯೋಕಾಗಲಿಲ್ಲ. ಆದರೆ ನೆನಪಿಡಿ, ಎದ್ದು ಚಪ್ಪಾಳೆ ಹೊಡೆದು ಮತ್ತೆ ಕೂತರು. ಪ್ಯಾಡ್ ಕಟ್ಟಲಿಲ್ಲ.

ಕೊನೆಯ ಮಾತು ಕ್ಯಾಪ್ಟನ್‌ಗಳಿಗೆ, ವಾಟ್ಸಾಪ್ ಗುಂಪಿನ ಅಡ್ಮಿನ್‌ಗಳಿಗೆ. ಪೆಟ್ಟಾದ ಹುಡುಗನಿಗೆ ‘ಬಾರೋ, ಸ್ಲಿಪ್ಪಲ್ಲಿ ಸುಮ್ಮನೆ ನಿಂತಿರು’ ಅಂತ ದಯವಿಟ್ಟು ಕರೀಬೇಡಿ. ಸ್ಲಿಪ್ಪಲ್ಲಿ ನಿಂತವನು ಸುಮ್ಮನೆ ನಿಲ್ಲೋದಿಲ್ಲ, ಚೆಂಡು ಬಂದರೆ ಹಾರೇ ಹಾರುತ್ತಾನೆ. ಆದರೆ ಅವನನ್ನು ಕರೆಯೋದನ್ನೂ ಬಿಡಬೇಡಿ. ಸ್ಕೋರ್ ಬರೆಯೋಕೆ ಕರೀರಿ, ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ, ಮೊಸರನ್ನದ ಡಬ್ಬಿ ಕೈಗೆ ಕೊಡಿ, ಕ್ಯಾಚ್ ಬಿಟ್ಟವರನ್ನು ಬೈಯುವ ಹಕ್ಕು ಅವನಿಗೇ ಕೊಡಿ. ಬರಲು ಕಾರಿಲ್ಲದಿದ್ದರೆ ಹೋಗಿ ಕರೆತನ್ನಿ. ಆಡದ ದಿನವೂ ತಾನು ಟೀಮಿನವನೇ ಅಂತ ಗೊತ್ತಾದರೆ ಯಾರೂ ಅವಸರದಲ್ಲಿ ಮೈದಾನಕ್ಕೆ ಇಳಿಯೋದಿಲ್ಲ. ನನ್ನ ಅರ್ಧ ಕೆಲಸ ನೀವೇ ಮಾಡಿದ ಹಾಗಾಗುತ್ತೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೂತು ಕೇಳಿದಿರಿ. ಇದೇ ತಾಳ್ಮೆಯನ್ನು ನಿಮ್ಮ ಕಾಲಿಗೂ ತೋರಿಸಿ. ಬನ್ನಿ, ಊಟಕ್ಕೆ ಹೋಗೋಣ. ಪಟ್ಟಿ ಕಟ್ಟಿಕೊಂಡವರು ಓಡಬೇಡಿ, ನಿಮ್ಮ ಪಾಲಿನ ಬಿಸಿಬೇಳೆಬಾತ್ ಕುರ್ಚಿಗೇ ಬರುತ್ತೆ.